ಆಲ್ಮಾ ಥಾಮಸ್ ಎಪ್ಪತ್ತರಲ್ಲಿ ಕುಂಚ ಹಿಡಿದರು ಅನ್ನೋ ಮಾತು ಎಷ್ಟು ನಿಜ?

ಬಣ್ಣದಡಬ್ಬಿ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರು ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಸರ್ವಿಸ್‌ಗೆ ಸೇರಿ 26 ವರ್ಷ ಆಯ್ತು, ರಿಟೈರಾಗೋದಕ್ಕೆ ಇನ್ನು ಮೂರು ವರ್ಷ. ಹೋದ ವಾರ ನಮ್ಮ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಒಂದು ಚಿತ್ರ ಬಂತು. ಕಡುನೀಲಿಯ ಒಂದು ಬಿಲ್ಲೆ, ಅದರ ಸುತ್ತ ಉಂಗುರ ಉಂಗುರವಾಗಿ ನೀಲಿ, ಹಸಿರು, ಹಳದಿ, ಕಿತ್ತಳೆ, ಕೆಂಪು. ಒಂದೊಂದು ಉಂಗುರವೂ ಚಿಕ್ಕ ಚಿಕ್ಕ ಬಣ್ಣದ ತುಂಡುಗಳಿಂದ ಆಗಿದೆ. ಬಿಲ್ಲೆ ನಟ್ಟನಡುವೆ ಇಲ್ಲ, ಒಂದು ಬದಿಗೆ ಸರಿದಿದೆ. ಅಷ್ಟರಿಂದಲೇ ಇಡೀ ಚಿತ್ರ ಉಸಿರಾಡುತ್ತೆ.

ಅಡಿಯಲ್ಲಿ ಬರೆದಿದ್ದಿಷ್ಟು: ಆಲ್ಮಾ ಥಾಮಸ್, ಅಮೆರಿಕದ ಶಾಲಾ ಶಿಕ್ಷಕಿ, ನಿವೃತ್ತಿಯಾದ ಮೇಲೆ ಎಪ್ಪತ್ತರಲ್ಲಿ ಕುಂಚ ಹಿಡಿದು ಹೆಸರಾದರು. ಗುಂಪಿನಲ್ಲಿ ಎಲ್ಲರೂ ಕೈಮುಗಿದು ಮುಂದೆ ಹೋದರು. ನನಗೆ ಮುಂದೆ ಹೋಗೋಕೆ ಆಗಲಿಲ್ಲ. ಮೊಬೈಲಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡ್ತಾನೇ ಇದ್ದೀನಿ.

ನನ್ನ ಪ್ರಶ್ನೆ ಇದು. ಅವರು 35 ವರ್ಷ ಪಾಠ ಮಾಡಿದರಂತೆ. ಅಷ್ಟು ವರ್ಷ ನಿಜವಾಗಲೂ ಏನೂ ಬಿಡಿಸದೆ ಇದ್ದರಾ? ರಿಟೈರಾದ ಮರುದಿನ ಎದ್ದು ಇಂಥ ಚಿತ್ರ ಮಾಡೋಕೆ ಆಗುತ್ತಾ? ತಿಳಿದವರು ಹೇಳಿ. ನನಗೆ ಬೇಕಾಗಿಯೇ ಕೇಳ್ತಿದ್ದೀನಿ.

ಹಳೇಕ್ಯಾನ್ವಾಸ್

ಟೀಚರೇ, ಆ ಮೆಸೇಜು ಅರ್ಧ ಸುಳ್ಳು. ಕೇಳಿದವರಿಗೆ ಹುಮ್ಮಸ್ಸು ಬರಲಿ ಅಂತ ಹಾಗೆ ಹೇಳ್ತಾರೆ, ಆದರೆ ಅದರಿಂದ ಆ ಹೆಂಗಸು ಪಟ್ಟ ಶ್ರಮವೆಲ್ಲ ಅಳಿಸಿಹೋಗುತ್ತೆ. ಸ್ವಲ್ಪ ಉದ್ದ ಬರೀತೀನಿ.

ಆಲ್ಮಾ ಹುಟ್ಟಿದ್ದು 1891ರ ಸೆಪ್ಟೆಂಬರಿನಲ್ಲಿ, ಜಾರ್ಜಿಯಾ ರಾಜ್ಯದ ಕೊಲಂಬಸ್ ಊರಲ್ಲಿ. ತಂದೆ ವ್ಯಾಪಾರಸ್ಥರು, ತಾಯಿ ಬಟ್ಟೆ ಹೊಲಿಯುವ ಕಲೆಗಾರ್ತಿ. ಬಡತನ ಅಂತೇನೂ ಇರಲಿಲ್ಲ. ಆದರೆ ಕರಿಯರ ಮನೆ. ಊರಿನ ಲೈಬ್ರರಿಯೊಳಗೆ ಕಾಲಿಡೋ ಹಾಗಿಲ್ಲ, ಕರಿಯ ಮಕ್ಕಳಿಗೆ ಅಲ್ಲಿ ಹೈಸ್ಕೂಲೂ ಇಲ್ಲ. 1906ರಲ್ಲಿ ಅಟ್ಲಾಂಟದಲ್ಲಿ ಕರಿಯರ ಮೇಲೆ ಭಾರೀ ದಾಳಿ ನಡೆಯಿತು. ಮರುವರ್ಷ ಈ ಕುಟುಂಬ ಮನೆಮಠ ಬಿಟ್ಟು ವಾಷಿಂಗ್ಟನ್ನಿಗೆ ಬಂತು. 15ನೇ ಬೀದಿಯಲ್ಲಿ ಒಂದು ಮನೆ ಹಿಡಿದರು. ಆಲ್ಮಾ ತೀರಿಕೊಂಡ 1978ರ ತನಕ ಅದೇ ಅವರ ಮನೆ.

ಹಾವರ್ಡ್ ವಿಶ್ವವಿದ್ಯಾಲಯಕ್ಕೆ 1921ರಲ್ಲಿ ಸೇರಿದರು. ಕರಿಯರ ವಿದ್ಯಾಭ್ಯಾಸಕ್ಕೆ ಹೆಸರಾದ ಹಾವರ್ಡ್ ಅದು, ಹಾರ್ವರ್ಡ್ ಅಲ್ಲ. ಸೇರಿದ್ದು ಗೃಹವಿಜ್ಞಾನಕ್ಕೆ. ಜೇಮ್ಸ್ ಹೆರಿಂಗ್ ಅನ್ನೋ ಪ್ರಾಧ್ಯಾಪಕರು ಆಗಷ್ಟೇ ಕಲಾ ವಿಭಾಗ ಕಟ್ತಾ ಇದ್ದರು, ಇವರನ್ನು ಅಲ್ಲಿಗೆ ಎಳೆದುಕೊಂಡರು. 1924ರಲ್ಲಿ ಆ ವಿಭಾಗದಿಂದ ಪದವಿ ಪಡೆದ ಮೊಟ್ಟಮೊದಲ ವಿದ್ಯಾರ್ಥಿ ಆಲ್ಮಾ. ಅಲ್ಲಿಂದ 1960ರವರೆಗೆ ಷಾ ಜೂನಿಯರ್ ಹೈಸ್ಕೂಲಿನಲ್ಲಿ ಕಲಾ ಶಿಕ್ಷಕಿ. ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ನಡುವಿನ ಈ 35 ವರ್ಷ ಖಾಲಿ ಇರಲಿಲ್ಲ. ಬೇಸಿಗೆ ರಜೆಯಲ್ಲಿ ನ್ಯೂಯಾರ್ಕಿಗೆ ಹೋಗಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1934ಕ್ಕೆ ಎಂ.ಎ. ಮುಗಿಸಿದರು. ಪ್ರಬಂಧ ಬರೆದದ್ದು ಸೂತ್ರದ ಗೊಂಬೆಗಳ ಮೇಲೆ. ಶಾಲೆಯಲ್ಲಿ ಮಕ್ಕಳ ಕೈಲಿ ಗೊಂಬೆ ಮಾಡಿಸಿ ಆಟ ಆಡಿಸ್ತಿದ್ದರು. ಹಾವರ್ಡಿನಿಂದ ಚಿತ್ರಗಳನ್ನು ಎರವಲು ತಂದು ಶಾಲೆಯ ಗೋಡೆಗೇ ಹಾಕಿ ಮಕ್ಕಳಿಗೆ ತೋರಿಸ್ತಿದ್ದರು. ವಸ್ತುಸಂಗ್ರಹಾಲಯದೊಳಗೆ ಬಿಟ್ಟುಕೊಳ್ಳದ ಊರಲ್ಲಿ ಬಾಲ್ಯ ಕಳೆದವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಯೋಚನೆ ಮಾಡಿ.

1943ರಲ್ಲಿ ಹೆರಿಂಗ್ ಮತ್ತು ಅಲೊಂಜೊ ಏಡನ್ ಸೇರಿ ತಮ್ಮ ಮನೆಯಲ್ಲೇ ಬಾರ್ನೆಟ್ ಏಡನ್ ಗ್ಯಾಲರಿ ಶುರು ಮಾಡಿದರು. ಕರಿಯರೂ ಬಿಳಿಯರೂ ಒಂದೇ ಗೋಡೆ ಹಂಚಿಕೊಂಡ ಜಾಗ ಅದು. ಆಲ್ಮಾ ಅದರ ಉಪಾಧ್ಯಕ್ಷೆ. ಆಮೇಲೆ 1950ರಿಂದ ಸುಮಾರು ಹತ್ತು ವರ್ಷ ಅಮೆರಿಕನ್ ಯೂನಿವರ್ಸಿಟಿಯಲ್ಲಿ ಪೇಂಟಿಂಗ್ ಕಲಿತರು. ಹಗಲೆಲ್ಲ ಪಾಠ ಮಾಡಿ, ಸಾಯಂಕಾಲ ಮತ್ತು ಶನಿವಾರ ತಾವೇ ವಿದ್ಯಾರ್ಥಿ. ಆಗ ವಯಸ್ಸು ಅರವತ್ತರ ಹತ್ತಿರ. ಮೊದಲು ಹೂದಾನಿ, ಬಾಟಲಿ, ಕುರ್ಚಿ ಇಂಥವೇ. ಆ ದಶಕ ಮುಗಿಯುವಷ್ಟರಲ್ಲಿ ವಸ್ತುಗಳು ಕರಗಿ ಬಣ್ಣ ಮಾತ್ರ ಉಳಿಯಿತು. ರಿಟೈರಾದ 1960ರಲ್ಲೇ ಏಕವ್ಯಕ್ತಿ ಪ್ರದರ್ಶನವೂ ಆಯಿತು. ಎಪ್ಪತ್ತರಲ್ಲಿ ಕುಂಚ ಹಿಡಿದರು ಅಂತ ಹೇಳೋದು ಹೇಗೆ?

ಬಣ್ಣದಡಬ್ಬಿ

ಸರ್, ಇದನ್ನ ಎರಡು ಸಲ ಓದಿದೆ. ಗೊಂಬೆ ವಿಷಯ ಓದಿ ಕಣ್ಣು ತುಂಬಿ ಬಂತು. ನಾನೂ ಹಳೇ ಪೇಪರ್ ನೆನೆಸಿ, ಮೆಂತ್ಯದ ಹಿಟ್ಟು ಕಲೆಸಿ ಮಕ್ಕಳ ಕೈಲಿ ಮುಖವಾಡ ಮಾಡಿಸ್ತೀನಿ. ನನ್ನ ಕೆಲಸ ಅಂತ ನಾನು ಅಂದುಕೊಳ್ಳೋದು ಬೇರೆ, ಇದು ಬೇರೆ ಅಂತ ಇಷ್ಟು ವರ್ಷ ಎರಡು ಖಾತೆ ಇಟ್ಟಿದ್ದೆ.

ಪೊಟೋಮ್ಯಾಕ್ದಂಡೆ

ನಾನು ಹಾಸನದವನು, ಹದಿನಾಲ್ಕು ವರ್ಷದಿಂದ ವರ್ಜೀನಿಯಾದಲ್ಲಿದ್ದೇನೆ. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಅಮೆರಿಕನ್ ಆರ್ಟ್ ಮ್ಯೂಸಿಯಂನಲ್ಲಿ ಆಲ್ಮಾ ಅವರ ಚಿತ್ರಗಳು ಬಹಳ ಇವೆ. ಟಿಕೆಟ್ ಇಲ್ಲ, ಹಾಗಾಗಿ ಬಿಡುವಾದಾಗ ಹೋಗುತ್ತೇನೆ. ಅಕ್ಕ ನೋಡಿದ ಚಿತ್ರದ ಹೆಸರು ‘ದಿ ಎಕ್ಲಿಪ್ಸ್’. 1970ರ ಮಾರ್ಚ್ 7ರಂದು ಅಮೆರಿಕದ ಪೂರ್ವ ತೀರದಲ್ಲಿ ಸೂರ್ಯಗ್ರಹಣ ಆಗಿತ್ತು, ಅದೇ ವರ್ಷ ಬರೆದದ್ದು.

ಮೊಬೈಲಿನಲ್ಲಿ ಕಾಣದ ಒಂದೆರಡು ವಿಷಯ ಹೇಳಬೇಕು. ಚಿತ್ರ ಒಬ್ಬ ಮನುಷ್ಯನ ಎತ್ತರದ ಹತ್ತಿರ ಇದೆ. ದೂರದಿಂದ ಮೊಸಾಯಿಕ್ ಹಾಗೆ ಕಾಣುತ್ತೆ. ಹತ್ತಿರ ಹೋದರೆ ಒಂದು ತುಂಡಿನ ಹಾಗೆ ಇನ್ನೊಂದಿಲ್ಲ. ಕೆಲವದರ ಅಂಚು ನೇರ, ಕೆಲವು ತುದಿಯಲ್ಲಿ ಕಚ್ಚಿದ ಹಾಗೆ, ಕೆಲವು ಕಡೆ ಬಣ್ಣ ತೆಳುವಾಗಿ ಕುಂಚದ ಕೂದಲಿನ ಗೀರು ಕಾಣುತ್ತೆ. ತುಂಡು ತುಂಡಿನ ನಡುವೆ ಬಿಳಿ. ಅದು ಸುಮ್ಮನೆ ಬಿಟ್ಟ ಜಾಗ ಅಂತ ಮೊದಲು ಅಂದುಕೊಂಡಿದ್ದೆ. ಆ ಬಿಳಿ ಇಲ್ಲದಿದ್ದರೆ ಬಣ್ಣಗಳು ಒಂದಕ್ಕೊಂದು ಅಂಟಿ ಮಂಕಾಗುತ್ತಿದ್ದವು. ಕೆಲವು ಚಿತ್ರಗಳಲ್ಲಿ ಪೆನ್ಸಿಲ್ ಗೆರೆಯೂ ಉಳಿದಿದೆ, ಅಳಿಸಿಲ್ಲ.

ಈ ಶೈಲಿ ಹುಟ್ಟಿದ ಕತೆ ಕೇಳಿ. 1964ರಲ್ಲಿ ಅವರಿಗೆ ಸಂಧಿವಾತ ಎಷ್ಟು ಜೋರಾಯಿತೆಂದರೆ ಇನ್ನು ಕುಂಚ ಹಿಡಿಯಲಾರೆ ಅನ್ನೋ ಸ್ಥಿತಿ. ಆಗ ಹಾವರ್ಡಿನಿಂದ ಜೇಮ್ಸ್ ಪೋರ್ಟರ್, ನಿಮ್ಮ ಇಷ್ಟು ವರ್ಷದ ಕೆಲಸದ ಪ್ರದರ್ಶನ ಮಾಡುತ್ತೇವೆ ಅಂದರು. ಇದುವರೆಗೆ ಮಾಡಿದ್ದನ್ನೇ ಮತ್ತೆ ಇಡಲು ಆಲ್ಮಾಗೆ ಮನಸ್ಸಿಲ್ಲ, ಹೊಸದೇನಾದರೂ ಬೇಕು. ಮನೆಯ ಮುಂದಿನ ಕೋಣೆಯಲ್ಲಿ ಹೊರಕ್ಕೆ ಉಬ್ಬಿದ ದೊಡ್ಡ ಕಿಟಕಿ, ಅದರಾಚೆ ‘ಹಾಲಿ’ (holly) ಅನ್ನೋ ಜಾತಿಯ ಒಂದು ಮರ. ಬೆಳಕು ಎಲೆಗಳ ಸಂದಿನಿಂದ ಗಾಜಿನ ಮೇಲೆ, ಗೋಡೆಯ ಮೇಲೆ ಬಿದ್ದು ಅಲುಗಾಡುತ್ತಿತ್ತು. ಅದನ್ನು ನೋಡುತ್ತಾ ಕೂತರು. ಎಲೆಯನ್ನು ಬಿಡಿಸಲಿಲ್ಲ, ಎಲೆಗಳ ನಡುವೆ ಬೆಳಕು ಒಡೆಯುವುದನ್ನು ಬಿಡಿಸಿದರು. 1966ರ ಆ ಪ್ರದರ್ಶನದಲ್ಲಿ ಹೊಸ ಚಿತ್ರಗಳು ಬಂದವು. ಅವರಿಗೆ ಆಗ 74.

ಸ್ಟುಡಿಯೊ ಅಂತ ಬೇರೆ ಇರಲಿಲ್ಲ. ಮನೆಯ ಅಡುಗೆಕೋಣೆ, ಇಲ್ಲವೇ ಮುಂದಿನ ಕೋಣೆ. ದೊಡ್ಡ ಕ್ಯಾನ್ವಾಸನ್ನು ಒಂದು ಬದಿ ತೊಡೆಯ ಮೇಲೆ, ಇನ್ನೊಂದು ಬದಿ ಸೋಫಾಕ್ಕೆ ಆನಿಸಿ, ತಿರುಗಿಸಿ ತಿರುಗಿಸಿ ಬಣ್ಣ ಹಚ್ಚುತ್ತಿದ್ದರು.

ಸಾಧನಕೇರಿ

ಎಲ್ಲಾ ಓದಿದೆ ನೋಡ್ರಿ, ಛಲೋ ಅನಿಸ್ತು. ಆದ್ರ ನನಗೊಂದು ಮಾತು ಚುಚ್ಚತೈತಿ, ಹೇಳಲಿಕ್ಕೇ ಬೇಕು. 1963ರಿಂದ 1970ರ ತನಕ ಆ ದೇಶದಾಗ ಏನ ನಡದಿತ್ತು? ಕರಿಯರು ಬೀದಿಗಿಳದು ಹಕ್ಕಿಗಾಗಿ ಹೊಡದಾಡಾಕತ್ತಿದ್ರು. ಲಾಠಿ, ನಾಯಿ, ಗುಂಡು. ಅಂಥಾ ಹೊತ್ತಿನಾಗ ಇವರು ಹೂವು, ಎಲಿ, ಗ್ರಹಣ ಅಂತ ಬಣ್ಣ ಹಚ್ಚಿಕೋತ ಕುಂತ್ರು. ನಾ ಸ್ವತಃ ಚಿತ್ರ ಬರೀತೀನಿ, ನಮ್ಮ ಕಡೆ ಬರ, ಗುಳೇ ಇವನ್ನ ಬಿಟ್ಟು ಬರೀ ಬಣ್ಣ ಬರದ್ರ ನನಗ ನಿದ್ದಿ ಬರೂದಿಲ್ಲ. ಅಮೂರ್ತ ಅನ್ನೂದು ತಪ್ಪಿಸಿಕೊಳ್ಳೂ ದಾರಿ ಅಲ್ಲೇನ್ರಿ?

ಹಳೇಕ್ಯಾನ್ವಾಸ್

ತಮ್ಮಾ, ಈ ಪ್ರಶ್ನೆಯನ್ನು ಆ ಕಾಲದಲ್ಲೇ ಕೇಳಿದ್ದರು. ಆಲ್ಮಾಗೆ ಮಾತ್ರ ಅಲ್ಲ, ನಾರ್ಮನ್ ಲೂಯಿಸ್, ಸ್ಯಾಮ್ ಗಿಲಿಯಂ, ಅಮೂರ್ತ ಬರೆದ ಕರಿಯ ಕಲಾವಿದರು ಎಲ್ಲರಿಗೂ. ಹಾಗಾಗಿ ನಿನ್ನ ಪ್ರಶ್ನೆ ಹಗುರವಾದದ್ದಲ್ಲ.

ಆಲ್ಮಾ ಬೀದಿಯಿಂದ ದೂರ ಇರಲಿಲ್ಲ. 1963ರ ಆಗಸ್ಟ್ 28ರ ವಾಷಿಂಗ್ಟನ್ ಮೆರವಣಿಗೆಯಲ್ಲಿ ಅವರಿದ್ದರು, 71 ವರ್ಷ. ಮರುವರ್ಷ ಅದರ ಚಿತ್ರವನ್ನೂ ಬರೆದರು. ಫಲಕ ಎತ್ತಿ ಹಿಡಿದ ಜನ ಒತ್ತೊತ್ತಾಗಿ ನಿಂತ ಚಿತ್ರ. ಅದನ್ನು ಮಾಡಿ ನೋಡಿದ ಮೇಲೆ ಆ ದಾರಿ ಬಿಟ್ಟರು. 1968ರ ಏಪ್ರಿಲಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದಾಗ ಪಕ್ಕದ 14ನೇ ಬೀದಿ ಹೊತ್ತಿ ಉರಿಯಿತು. ಇವರ ಮನೆ 15ನೇ ಬೀದಿಯಲ್ಲಿ. ಹೊಗೆಯ ವಾಸನೆ ಆ ಕಿಟಕಿಗೆ ಬಂದಿಲ್ಲ ಅನ್ನೋದು ಸಾಧ್ಯವಿಲ್ಲ.

ಅವರೇ 1970ರಲ್ಲಿ ಹೇಳಿದ ಮಾತಿನ ಸಾರ ಇದು: ಮನುಷ್ಯ ಮನುಷ್ಯನಿಗೆ ಮಾಡುವ ಕ್ರೌರ್ಯದ ಮೇಲಲ್ಲ, ಚೆಲುವು ಮತ್ತು ಸಂತೋಷದ ಮೇಲೆ ಬಣ್ಣದ ಮೂಲಕ ಮನಸ್ಸು ನಿಲ್ಲಿಸಿದ್ದೇನೆ. ಕ್ರೌರ್ಯ ಕಾಣದವರ ಮಾತಲ್ಲ ಅದು. ಹದಿನೈದು ವರ್ಷದ ಹುಡುಗಿಯಾಗಿದ್ದಾಗಲೇ ಅದಕ್ಕೆ ಹೆದರಿ ಊರು ಬಿಟ್ಟ ಮನೆಯವರು. ಕರಿಯ ಹೆಂಗಸು ಅಂದ ತಕ್ಷಣ ನೋವನ್ನೇ ಬರೆಯಬೇಕು ಅಂತ ಕಾಯುವವರ ಮುಂದೆ, ನನಗೆ ಬೆಳಕು ನೋಡುವ ಹಕ್ಕೂ ಇದೆ ಅಂತ ಹೇಳಿದರು ಅಂತ ನಾನು ಓದಿಕೊಳ್ಳುತ್ತೇನೆ.

ಸಾಧನಕೇರಿ

ಸರ್, ಮೆರವಣಿಗಿ ಚಿತ್ರದ ವಿಷಯ ನನಗ ಗೊತ್ತಿರಲಿಲ್ಲ. ಬರದು ನೋಡಿ ಬಿಟ್ಟಾರ ಅಂದ್ರ ಅದು ಬ್ಯಾರೆ ಮಾತು. ಆದ್ರೂ ನನ್ನ ಮನಸ್ಸು ಪೂರ್ತಿ ಒಪ್ಪಿಲ್ಲ. ಹೊರಗ ಉರಿಯೂ ಮುಂದ ಒಳಗ ಕುಂತು ಹಳದಿ ಪಕ್ಕ ಕಿತ್ತಳಿ ಹಚ್ಚೂದಕ್ಕ ಎಂಥಾ ಗಟ್ಟಿ ಮನಸ್ಸು ಬೇಕು, ಇಲ್ಲಾ ಎಂಥಾ ನೋವು ಬೇಕು, ಅದನ್ನ ವಿಚಾರ ಮಾಡಾಕತ್ತೀನಿ.

ಕರಾವಳಿಗೆರೆ

ನನಗೂ ಒಂದು ಸಂಶಯ ಉಂಟು. ಒಬಾಮ ಶ್ವೇತಭವನಕ್ಕೆ ಬಂದಾಗ ಆಲ್ಮಾ ಅವರ ಚಿತ್ರ ತರಿಸಿದರು, ಆಮೇಲೆ ಅದು ಫ್ರಾನ್ಸಿನ ಚಿತ್ರಕಾರ ಮಟಿಸ್ಸನ ನಕಲು ಅಂತ ಗಲಾಟೆಯಾಗಿ ವಾಪಸ್ ಕಳಿಸಿದರು ಅಂತ ಎಲ್ಲೋ ಓದಿದ ನೆನಪು. ಅದು ಹೌದಾ? ನಕಲು ಮಾಡಿದವರನ್ನು ನಾವು ಇಷ್ಟು ಹೊಗಳುವುದು ಸರಿಯಾ?

ಪೊಟೋಮ್ಯಾಕ್ದಂಡೆ

ಅದು ‘ವಾತುಸಿ’ ಅನ್ನೋ 1963ರ ಚಿತ್ರ. ಮಟಿಸ್ಸ್ ಕೊನೆಗಾಲದಲ್ಲಿ ಬಣ್ಣದ ಕಾಗದ ಕತ್ತರಿಸಿ ‘ಬಸವನಹುಳು’ ಅಂತ ಒಂದು ದೊಡ್ಡ ಕೃತಿ ಮಾಡಿದ್ದರು. ಆಲ್ಮಾ ಆ ಜೋಡಣೆಯನ್ನು ತೆಗೆದುಕೊಂಡು ಅಡ್ಡಕ್ಕೆ ತಿರುಗಿಸಿ, ಬಣ್ಣಗಳನ್ನೆಲ್ಲ ಬದಲಿಸಿದರು. ಮುಚ್ಚಿಟ್ಟು ಮಾಡಿದ್ದಲ್ಲ. 2009ರಲ್ಲಿ ಶ್ವೇತಭವನ ಆಲ್ಮಾ ಅವರ ಎರಡು ಚಿತ್ರ ಎರವಲು ಪಡೆದಿತ್ತು. ‘ವಾತುಸಿ’ ಹಾಕಬೇಕೆಂದಿದ್ದ ಗೋಡೆಗೆ ಹೊಂದಲಿಲ್ಲ ಅಂತ ಹಿಂದಕ್ಕೆ ಹೋಯಿತು, ಇನ್ನೊಂದು, ‘ಸ್ಕೈ ಲೈಟ್’, ಅಲ್ಲೇ ಉಳಿಯಿತು. ಆಮೇಲೆ 1966ರ ‘ರಿಸರೆಕ್ಷನ್’ ಶ್ವೇತಭವನದ ಶಾಶ್ವತ ಸಂಗ್ರಹಕ್ಕೇ ಸೇರಿತು. 2015ರಲ್ಲಿ ಅದನ್ನು ಊಟದ ಕೋಣೆಯ ಗೋಡೆಗೆ ಹಾಕಿದರು. ಆ ಸಂಗ್ರಹದಲ್ಲಿ ಕರಿಯ ಮಹಿಳೆಯೊಬ್ಬರ ಮೊದಲ ಕೃತಿ ಅದೇ.

ಬಣ್ಣದಡಬ್ಬಿ

ಇದಕ್ಕೆ ನಾನೊಂದು ಮಾತು ಸೇರಿಸ್ತೀನಿ. ಬಾಯಲ್ಲಿ ಹೇಳಿ ಯಾರಿಗೂ ಚಿತ್ರ ಕಲಿಸೋಕಾಗಲ್ಲ. ಗುರುಗಳ ಚಿತ್ರ ಮುಂದಿಟ್ಟುಕೊಂಡು ಬರೆದೇ ಕೈ ಕುದುರೋದು. ಮೈಸೂರು ಶೈಲಿ ಕಲಿಯೋವಾಗ ಒಂದೇ ಗಜಲಕ್ಷ್ಮಿಯನ್ನ ಹತ್ತು ಸಲ ಬರೆದಿದ್ದೀನಿ. 71ರಲ್ಲೂ ಆಲ್ಮಾ ವಿದ್ಯಾರ್ಥಿಯ ಹಾಗೆ ಇನ್ನೊಬ್ಬರ ಚಿತ್ರ ಮುಂದಿಟ್ಟುಕೊಂಡು ಕೂತಿದ್ದರು ಅಂದರೆ ಅದು ನನಗೆ ಅವರ ಮೇಲಿನ ಗೌರವ ಜಾಸ್ತಿ ಮಾಡುತ್ತೆ. ಮೂರೇ ವರ್ಷದಲ್ಲಿ ‘ರಿಸರೆಕ್ಷನ್’ ಬಂತಲ್ಲ, ಅದು ಯಾರ ಹಾಗೂ ಇಲ್ಲ.

ಕರಾವಳಿಗೆರೆ

ಗಜಲಕ್ಷ್ಮಿಯ ಮಾತು ಒಪ್ಪಿದೆ ಟೀಚರ್. ಯಕ್ಷಗಾನದಲ್ಲೂ ಹಾಗೆಯೇ, ಹಿರಿಯ ವೇಷಧಾರಿಯ ಹೆಜ್ಜೆ ಹಾಕದೆ ತನ್ನ ಹೆಜ್ಜೆ ಬರುವುದಿಲ್ಲ. ಮತ್ತೆ ನ್ಯೂಯಾರ್ಕಿನ ದೊಡ್ಡ ಪ್ರದರ್ಶನದ ಬಗ್ಗೆ ಯಾರಾದರೂ ಬರೆಯಿರಿ.

ಹಳೇಕ್ಯಾನ್ವಾಸ್

ವಿಟ್ನಿ ಮ್ಯೂಸಿಯಂ, 1972. ಅಲ್ಲಿ ಏಕವ್ಯಕ್ತಿ ಪ್ರದರ್ಶನ ಪಡೆದ ಮೊದಲ ಕರಿಯ ಮಹಿಳೆ, 80 ವರ್ಷ. ಅದೇ ವರ್ಷ ವಾಷಿಂಗ್ಟನ್ನಿನ ಕೊರ್ಕೊರನ್ ಗ್ಯಾಲರಿಯಲ್ಲೂ ಆಯಿತು. ಆದರೆ ವಿಟ್ನಿಯ ಬಾಗಿಲು ತಾನಾಗಿ ತೆರೆಯಲಿಲ್ಲ. 1969ರಿಂದ ಕರಿಯ ಕಲಾವಿದರು ಸಂಘಟನೆ ಕಟ್ಟಿ, ನಮ್ಮನ್ನು ಯಾಕೆ ಹೊರಗಿಟ್ಟಿದ್ದೀರಿ ಅಂತ ಆ ಮ್ಯೂಸಿಯಂ ಮುಂದೆ ಪ್ರತಿಭಟನೆ ಮಾಡಿದ್ದರು. ಅದರ ಒತ್ತಡದಿಂದ ಬಂದ ಸಾಲು ಪ್ರದರ್ಶನಗಳಲ್ಲಿ ಇದೂ ಒಂದು. ಸಾಧನಕೇರಿ ತಮ್ಮ ಕೇಳಿದ ಪ್ರಶ್ನೆಗೆ ಇದೂ ಸೇರಬೇಕು. ಬೀದಿಯಲ್ಲಿ ಕೂಗಿದವರು ಇಲ್ಲದಿದ್ದರೆ ಹೂವು ಬರೆದವರಿಗೆ ಗೋಡೆ ಸಿಗುತ್ತಿರಲಿಲ್ಲ.

ಆಗ ಪತ್ರಕರ್ತರಿಗೆ ಆಲ್ಮಾ ಹೇಳಿದ್ದು: ಚಿಕ್ಕವಳಿದ್ದಾಗ ಕೊಲಂಬಸ್‌ನಲ್ಲಿ ನಾವು ಮ್ಯೂಸಿಯಂ ಒಳಗೆ ಹೋಗುವ ಹಾಗೇ ಇರಲಿಲ್ಲ, ನಮ್ಮ ಚಿತ್ರ ಅಲ್ಲಿ ತೂಗುಹಾಕುವ ಯೋಚನೆ ಎಲ್ಲಿಯದು, ಈಗ ನನ್ನನ್ನು ನೋಡಿ ಅಂತ.

ಪೊಟೋಮ್ಯಾಕ್ದಂಡೆ

ಚಂದ್ರಯಾನದ ಚಿತ್ರಗಳನ್ನು ಯಾರೂ ಹೇಳಲಿಲ್ಲ! ಕುದುರೆಗಾಡಿಯ ಕಾಲದಲ್ಲಿ ಹುಟ್ಟಿದವರು, 78ರ ಹತ್ತಿರ ಮನುಷ್ಯ ಚಂದ್ರನ ಮೇಲೆ ಇಳಿದದ್ದನ್ನು ನೋಡಿದರು. 1969ರಲ್ಲಿ ಅಪೊಲೊ 10ರ ಇಳಿನೌಕೆಗೆ ಗಗನಯಾತ್ರಿಗಳು ಕಾರ್ಟೂನಿನ ನಾಯಿ ಸ್ನೂಪಿಯ ಹೆಸರಿಟ್ಟಿದ್ದರು. ಆಲ್ಮಾ ಆ ಹೆಸರಲ್ಲೇ ಸರಣಿ ಬರೆದರು. ಒಂದರ ಹೆಸರು ‘ಸಂಜೆಗೆಂಪು ಸುತ್ತಿಕೊಂಡ ಭೂಮಿಯನ್ನು ಸ್ನೂಪಿ ನೋಡುತ್ತದೆ’ ಅಂತಾಗುತ್ತೆ ಕನ್ನಡದಲ್ಲಿ. 1972ರ ‘ಸ್ಟಾರಿ ನೈಟ್ ಅಂಡ್ ದಿ ಆಸ್ಟ್ರೊನಾಟ್ಸ್’ ಇನ್ನೂ ಚೆಂದ. ಇಡೀ ಕ್ಯಾನ್ವಾಸ್ ನೀಲಿಯ ತುಂಡುಗಳು, ಮೇಲೆ ಬಲಮೂಲೆಯಲ್ಲಿ ಮಾತ್ರ ಸಣ್ಣದಾಗಿ ಕೆಂಪು, ಕಿತ್ತಳೆ, ಹಳದಿ. ಅಷ್ಟು ದೊಡ್ಡ ಕತ್ತಲಲ್ಲಿ ಅಷ್ಟೇ ಅಷ್ಟು ಬೆಂಕಿ. ಹೂವಿನ ಚಿತ್ರಗಳಲ್ಲೂ ಇದೇ ಕಣ್ಣು, ವಿಮಾನದಿಂದ ಕೆಳಗಿನ ಹೂಮಡಿಗಳನ್ನು ನೋಡಿದರೆ ಹೇಗೆ ಕಾಣುತ್ತೆ ಅಂತ ಕಲ್ಪಿಸಿಕೊಂಡು ಬರೆಯುತ್ತಿದ್ದರಂತೆ.

ಅಂದಹಾಗೆ ಅವರ ಒಂದು ಚಿತ್ರಕ್ಕೆ ಕ್ರೇಪ್ ಮಿರ್ಟಲ್ ಹೂವಿನ ಹೆಸರಿದೆ. ಇಲ್ಲಿ ಬೇಸಿಗೆಯಲ್ಲಿ ರಸ್ತೆ ಬದಿಯೆಲ್ಲ ಅದೇ ಅರಳಿರುತ್ತೆ. ನಮ್ಮ ಹೊಳೆದಾಸವಾಳದ ಹತ್ತಿರದ ನೆಂಟ, ದಳದ ಅಂಚು ಹಾಗೇ ಸುಕ್ಕುಸುಕ್ಕು. ಊರಿನ ಹೊಳೆ ದಂಡೆ ನೆನಪಾಗುತ್ತೆ.

ಸಾಧನಕೇರಿ

ನಿನ್ನೆ ರಾತ್ರಿ ಕುಂತು ಅವರ 1976ರ ಕೆಲಸ ಹುಡುಕಿ ನೋಡಿದೆ. ‘ರೆಡ್ ಅಜೇಲಿಯಾಸ್ ಸಿಂಗಿಂಗ್ ಅಂಡ್ ಡಾನ್ಸಿಂಗ್ ರಾಕ್ ಅಂಡ್ ರೋಲ್ ಮ್ಯೂಸಿಕ್’. ಮೂರು ಕ್ಯಾನ್ವಾಸು ಜೋಡಿಸಿ 13 ಅಡಿ ಅಗಲ. ವರ್ಷ ನೋಡ್ರಿ, 1974ರಾಗ ಸೊಂಟದ ಎಲುಬು ಮುರದಿತ್ತು ಅವರಿಗೆ. ಸಂಧಿವಾತ ಬ್ಯಾರೆ. 84 ದಾಟಿದ ಮ್ಯಾಲೆ ಇದು. ಮೊದಲಿನ ಸಾಲು, ಉಂಗುರ ಎಲ್ಲಾ ಹೋಗಿ ತುಂಡುಗಳು ಬಿಡಿಬಿಡಿ ಆಗ್ಯಾವ. ಎಡಕ್ಕ ಒತ್ತೊತ್ತಾಗಿ ಕೆಂಪು, ಬಲಕ್ಕ ಹೋದಂಗ ಹರಕೋತ ಬಿಳಿಯೊಳಗ ಚದುರತಾವ. ಕೈ ನಡುಗಿದ್ದು ಕಾಣಸ್ತೈತೇನು ಅಂತ ಹುಡುಕಿದೆ, ಕಾಣಲಿಲ್ಲ. ಬೆರಳು ಮೊದಲಿನಂಗ ಮಾತು ಕೇಳದಿದ್ದಾಗ, ಅವು ಏನು ಮಾಡಬಲ್ಲವೋ ಅದರಿಂದನ ಹೊಸಾ ಅಕ್ಷರ ಕಟ್ಯಾರ ಅನಿಸ್ತು.

ತಪ್ಪಿಸಿಕೊಳ್ಳೂ ದಾರಿ ಅಂದಿದ್ದೆ. ಆ ಮಾತು ವಾಪಸ್ ತೊಗೋತೀನ್ರಿ. ಬರದ ಚಿತ್ರ ನಾ ಬಿಡೂದಿಲ್ಲ, ಅದು ನನ್ನ ದಾರಿ. ಅವರದು ಅವರ ದಾರಿ.

ಹಳೇಕ್ಯಾನ್ವಾಸ್

ಒಪ್ಪಿದೆ. ಆ ಮೂರು ಹಲಗೆಯ ಚಿತ್ರ ಮುಗಿದ ಎರಡು ವರ್ಷಕ್ಕೆ, 1978ರ ಫೆಬ್ರವರಿ 24ರಂದು ಹೃದಯದ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ಮದುವೆಯಾಗಿರಲಿಲ್ಲ. ಲೈಬ್ರೇರಿಯನ್ ಆಗಿದ್ದ ತಂಗಿ ಜೊತೆಗಿದ್ದರು. ಮನೆ ಇನ್ನೂ ಇದೆ, ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ.

ಬಣ್ಣದಡಬ್ಬಿ

ಎಲ್ಲರಿಗೂ ನಾನು ಋಣಿ. ಮೊನ್ನೆ ಒಂಬತ್ತನೇ ತರಗತಿಯಲ್ಲಿ ಏನೂ ಹೇಳದೆ ಮಕ್ಕಳನ್ನ ಕಿಟಕಿ ಹತ್ತಿರ ಕೂರಿಸಿದೆ. ಹೊರಗೆ ಹೊಂಗೆ ಮರ ಇದೆ. ಎಲೆ ಬರೀಬೇಡಿ, ಎಲೆ ನಡುವೆ ಕಾಣೋ ಬೆಳಕಿನ ಚೂರುಗಳನ್ನ ಮಾತ್ರ ಬರೀರಿ ಅಂದೆ. ಹತ್ತು ನಿಮಿಷ ಯಾರೂ ಪೆನ್ಸಿಲ್ ಎತ್ತಲಿಲ್ಲ, ನೋಡ್ತಾನೇ ಇದ್ದರು. ಆಮೇಲೆ ಒಬ್ಬ ಹುಡುಗ, ಪಾಠದಲ್ಲಿ ಬಾಯೇ ಬಿಡದವನು, ‘ಮಿಸ್, ಚೂರುಗಳು ಒಂದು ಕಡೆ ನಿಲ್ತಾನೇ ಇಲ್ಲ’ ಅಂದ. ಅವನ ಹಾಳೆಯಲ್ಲಿ ಹಳದಿ ಚುಕ್ಕೆಗಳು ಒಂದರ ಮೇಲೊಂದು ಬಿದ್ದಿದ್ದವು, ಮಧ್ಯೆ ಜಾಗವೇ ಇಲ್ಲ. ನಾನೂ ಪಕ್ಕದಲ್ಲಿ ಕೂತು ಒಂದು ಹಾಳೆ ಬರೆದೆ. ಮಕ್ಕಳ ಹಾಳೆ ತಿದ್ದೋದು ಬಿಟ್ಟು ತರಗತಿಯಲ್ಲಿ ನನ್ನದೇ ಅಂತ ಒಂದು ಹಾಳೆ ಬರೆದಿದ್ದು ಎಷ್ಟು ವರ್ಷದ ಮೇಲೋ.

ನನ್ನ ಹಾಳೆಯಲ್ಲೂ ಅದೇ ತೊಂದರೆ, ತುಂಡುಗಳ ನಡುವೆ ಎಷ್ಟು ಬಿಡಬೇಕು ಅಂತ ಕೈಗೆ ಸಿಗ್ತಿಲ್ಲ. ಪೊಟೋಮ್ಯಾಕ್ ತಮ್ಮಾ, ಮತ್ತೆ ಮ್ಯೂಸಿಯಂಗೆ ಹೋದರೆ ‘ಎಕ್ಲಿಪ್ಸ್’ನಲ್ಲಿ ಹಳದಿ ಉಂಗುರ ಕಿತ್ತಳೆಗೆ ತಾಗೋ ಕಡೆ ಸಂದು ಎಷ್ಟಿದೆ ನೋಡಿ ಹೇಳ್ತೀಯಾ? ಕಡ್ಡಿಯಷ್ಟಾ, ಬೆರಳಷ್ಟಾ?

ಪೊಟೋಮ್ಯಾಕ್ದಂಡೆ

ಶನಿವಾರ ಹೋಗುತ್ತೇನೆ ಅಕ್ಕ. ಅದನ್ನು ಆಗ ಗೋಡೆಗೆ ಹಾಕಿರದಿದ್ದರೆ ಪಕ್ಕದ ಬೇರೆ ಚಿತ್ರದ್ದಾದರೂ ನೋಡಿಕೊಂಡು ಬರುತ್ತೇನೆ. ನೀವು ಬರೆದ ಹಾಳೆಯ ಫೋಟೊ ಹಾಕಿ, ಆ ಹುಡುಗನದ್ದೂ.